ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ನಮ್ಮ ಅಬ್ಬಾ ಅವರ ನೋಟ್‌ಬುಕ್



ಈ ಸಲದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನದ ಬಗ್ಗೆ ಬರೆದುಕೊಡು ಎಂದು ನಮ್ಮ ಭೌತಶಾಸ್ತ್ರದ ಉಪನ್ಯಾಸಕರು ಹೇಳಿದಾಗ ನಾನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರನ್ನು ಆರಿಸಿಕೊಂಡೆ. ಟೆಲಿಫೋನ್ ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಪ್ರಾಥಮಿಕ ಶಾಲೆಯಿಂದಲೂ ಒಂದು ಅಂಕದ ಉತ್ತರ ಬರೆದುಕೊಂಡು ಬಂದವರು ನಾವು. ಆ ಒಂದು ಅಂಕದ ಹಿಂದೆ ಇಷ್ಟು ದೊಡ್ಡ ಬದುಕು ಇದೆ ಎಂಬುದು ನನಗೆ ಗೊತ್ತಾಗಿದ್ದು ಕಳೆದ ಬೇಸಿಗೆ ರಜೆಯಲ್ಲಿ.

ನನ್ನ ಮಾಮು ಬೆಂಗಳೂರಿನಲ್ಲಿ ಕಚೇರಿಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಕೆಲಸ ಮಾಡುತ್ತಾರೆ. ರಜೆಯಲ್ಲಿ ರಾಮನಾಥಪುರದಿಂದ ಅವರ ಮನೆಗೆ ಹೋಗಿದ್ದಾಗ ಒಂದು ದಿನ ನನ್ನನ್ನೂ ಕೆಲಸಕ್ಕೆ ಕರೆದುಕೊಂಡು ಹೋದರು. ಸುಮಾರು 60 ಜನ ಕೆಲಸ ಮಾಡುವ ಕಚೇರಿ ಅದು. ಅಲ್ಲಿ ರೂಟರಿನಲ್ಲಿಯೇ ವಾಯ್ಸ್‌ಮೇಲ್ ವ್ಯವಸ್ಥೆ ಕೂರಿಸಬೇಕಿತ್ತು. ಇಂಟರ್‌ನೆಟ್ ಹಂಚುವ ಪೆಟ್ಟಿಗೆಯೇ ರೂಟರ್ ಎಂದು ತಿಳಿದಿದ್ದ ನನಗೆ, ಅದೇ ಪೆಟ್ಟಿಗೆ ಮನುಷ್ಯರ ಮಾತನ್ನೂ ಹಿಡಿದಿಡುತ್ತದೆ ಎಂಬುದು ಹೊಸ ವಿಷಯ. ಮಧ್ಯಾಹ್ನ ಊಟ ಮಾಡುವಾಗ ಮಾಮು, ಇದಕ್ಕೆಲ್ಲ ಮೂಲಪುರುಷ ಬೆಲ್ ಎಂದು ಹೇಳಿ ಅವರ ಕಥೆ ಶುರುಮಾಡಿದರು. ಊರಿಗೆ ಬಂದ ಮೇಲೆ ನಾನು ಇನ್ನಷ್ಟು ಓದಿದೆ. ಓದಿದ್ದನ್ನೂ, ಆ ಕಚೇರಿಯಲ್ಲಿ ಕಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಅಬ್ಬಾ ಅವರ ನೋಟ್‌ಬುಕ್ಕಿನ ವಿಷಯ ಕೊನೆಯಲ್ಲಿ ಬರುತ್ತದೆ.

ಕಿವಿ ಕೇಳದ ತಾಯಿಯ ಮಗ

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಅವರ ಅಜ್ಜ ಸ್ಪಷ್ಟ ಉಚ್ಚಾರಣೆ ಕಲಿಸುವ ಗುರುಗಳು. ತಂದೆ ಮೆಲ್ವಿಲ್ ಬೆಲ್ ಕೂಡ ಅದೇ ವೃತ್ತಿಯವರು. ಯಾವ ಅಕ್ಷರ ಹೇಳುವಾಗ ನಾಲಗೆ, ತುಟಿ, ಗಂಟಲು ಎಲ್ಲಿರಬೇಕು ಎಂಬುದನ್ನು ಚಿಹ್ನೆಗಳಲ್ಲಿ ಬರೆದು ತೋರಿಸುವ ಒಂದು ಲಿಪಿಯನ್ನೇ ಅವರು ರೂಪಿಸಿದ್ದರು. ನಮ್ಮ ವರ್ಣಮಾಲೆಯಲ್ಲಿ ಕಂಠ್ಯ, ತಾಲವ್ಯ, ದಂತ್ಯ, ಓಷ್ಠ್ಯ ಎಂದು ಕಲಿಯುತ್ತೇವಲ್ಲ, ಹೆಚ್ಚುಕಡಿಮೆ ಅದೇ ವಿಚಾರ.

ಇಂಥ ಮನೆಯಲ್ಲಿ ತಾಯಿ ಎಲಿಜಾ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆದರೂ ಅವರು ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದರು. ಬೇರೆಯವರು ಅವರ ಜೊತೆ ಮಾತಾಡಲು ಕಿವಿಗೆ ಇಟ್ಟುಕೊಳ್ಳುವ ಕೊಳವೆಯಲ್ಲಿ ಕೂಗಬೇಕಿತ್ತು. ಮಗ ಮಾತ್ರ ಕೂಗುತ್ತಿರಲಿಲ್ಲ. ತಾಯಿಯ ಹಣೆಯ ಹತ್ತಿರ ಬಾಯಿ ತಂದು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ದನಿಯ ಕಂಪನ ಮೂಳೆಯ ಮೂಲಕ ತಾಯಿಗೆ ತಿಳಿಯುತ್ತಿತ್ತು. ಮನೆಗೆ ನೆಂಟರು ಬಂದಾಗ ಅವರ ಮಾತನ್ನೆಲ್ಲ ಬೆರಳಿನ ಅಕ್ಷರಗಳಲ್ಲಿ ತಾಯಿಗೆ ತಿಳಿಸುತ್ತಿದ್ದವನೂ ಅವನೇ. ದನಿ ಎಂದರೆ ಕಂಪನ ಎಂಬ ಪಾಠವನ್ನು ನಾವು ಭೌತಶಾಸ್ತ್ರದ ಪುಸ್ತಕದಲ್ಲಿ ಓದುತ್ತೇವೆ. ಆ ಹುಡುಗ ಅದನ್ನು ತಾಯಿಯ ಹಣೆಯ ಮೇಲೆ ಕಲಿತ.

ಹನ್ನೆರಡರ ವಯಸ್ಸಿನಲ್ಲಿ ಗೆಳೆಯನ ಮನೆಯವರ ಹಿಟ್ಟಿನ ಗಿರಣಿಯಲ್ಲಿ ಗೋಧಿಯ ಹೊಟ್ಟು ಬಿಡಿಸುವುದು ಎಷ್ಟು ಕಷ್ಟ ಎಂದು ನೋಡಿ, ತಿರುಗುವ ರೆಕ್ಕೆಗಳಿಗೆ ಬ್ರಷ್ ಜೋಡಿಸಿ ಒಂದು ಯಂತ್ರ ಮಾಡಿಕೊಟ್ಟ. ಅದು ಕೆಲವು ವರ್ಷ ಆ ಗಿರಣಿಯಲ್ಲಿ ಕೆಲಸಕ್ಕೆ ಬಂತು. ಅಣ್ಣನ ಜೊತೆ ಸೇರಿ ಗಂಟಲು, ನಾಲಗೆ, ತುಟಿ ಇರುವ ಒಂದು ಬೊಂಬೆಯ ತಲೆ ಮಾಡಿದ. ತಿದಿಯಿಂದ ಗಾಳಿ ಊದಿದರೆ ಅದು ಅಮ್ಮನನ್ನು ಕರೆಯುವಂತೆ ದನಿ ಮಾಡುತ್ತಿತ್ತು. ಶಾಲೆಯಲ್ಲಿ ಮಾತ್ರ ಬೆಲ್ ಹೇಳಿಕೊಳ್ಳುವಂಥ ವಿದ್ಯಾರ್ಥಿ ಆಗಿರಲಿಲ್ಲ. ಅಂಕ ಕಡಿಮೆ ಬಂತೆಂದು ಕುಗ್ಗುವ ನನ್ನಂಥವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಎರಡು ಸಾವು, ಒಂದು ಹಡಗು

1867ರಲ್ಲಿ ತಮ್ಮ ಎಡ್ವರ್ಡ್ ಕ್ಷಯರೋಗದಿಂದ ತೀರಿಕೊಂಡ. ಮೂರು ವರ್ಷದಲ್ಲಿ ಅದೇ ರೋಗ ಅಣ್ಣನನ್ನೂ ತೆಗೆದುಕೊಂಡಿತು. ಬೆಲ್ ಅವರ ಆರೋಗ್ಯವೂ ಕೆಟ್ಟಿತ್ತು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳೋಣ ಎಂದು ತಂದೆ ತಾಯಿ 1870ರಲ್ಲಿ ಮನೆಮಠ ಮಾರಿ ಹಡಗು ಹತ್ತಿ ಕೆನಡಾಕ್ಕೆ ಹೋದರು. ಬ್ರಾಂಟ್‌ಫರ್ಡ್ ಎಂಬ ಊರಿನ ಹೊರಗೆ, ನದಿಯ ಮೇಲಿನ ದಿಣ್ಣೆಯಲ್ಲಿ ತೋಟದ ಮನೆ ಮಾಡಿಕೊಂಡರು. ಅಲ್ಲಿನ ಗಾಳಿಗೆ ಬೆಲ್ ಚೇತರಿಸಿಕೊಂಡರು.

ಮಾರನೆಯ ವರ್ಷ ಅವರು ಅಮೆರಿಕದ ಬಾಸ್ಟನ್ ನಗರದಲ್ಲಿ ಕಿವುಡ ಮಕ್ಕಳ ಶಾಲೆಯ ಶಿಕ್ಷಕರಾದರು. 1873ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಹಗಲು ಪಾಠ, ರಾತ್ರಿ ಪ್ರಯೋಗ. ಅವರ ಶಿಷ್ಯೆಯರಲ್ಲಿ ಮೇಬಲ್ ಹಬ್ಬರ್ಡ್ ಒಬ್ಬರು. ಐದನೆಯ ವಯಸ್ಸಿನಲ್ಲಿ ಬಂದ ಜ್ವರದಿಂದ ಆಕೆಗೆ ಕಿವಿ ಹೋಗಿತ್ತು. ಮುಂದೆ, 1877ರ ಜುಲೈನಲ್ಲಿ, ಆಕೆಯೇ ಬೆಲ್ ಅವರ ಪತ್ನಿಯಾದರು. ಮದುವೆಯ ಉಡುಗೊರೆಯಾಗಿ ಬೆಲ್ ತಮ್ಮ ಟೆಲಿಫೋನ್ ಕಂಪನಿಯ ಷೇರುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಆಕೆಯ ಹೆಸರಿಗೆ ಮಾಡಿದರು.

ಟೆಲಿಫೋನ್ ಕೊಟ್ಟ ಮನುಷ್ಯನ ತಾಯಿಗೂ ಹೆಂಡತಿಗೂ ಟೆಲಿಫೋನಿನಲ್ಲಿ ಮಾತು ಕೇಳುವುದು ಆಗದ ಕೆಲಸ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ತಂತಿಯಲ್ಲಿ ಬಂದ ಮಾತು

ಆಗ ತಂತಿ ಸಂದೇಶದ ಕಾಲ. ಒಂದು ತಂತಿಯಲ್ಲಿ ಒಂದು ಹೊತ್ತಿಗೆ ಒಂದೆರಡು ಸಂದೇಶ ಮಾತ್ರ ಹೋಗುತ್ತಿತ್ತು. ಬೇರೆ ಬೇರೆ ಸ್ವರಗಳನ್ನು ಬಳಸಿ ಒಂದೇ ತಂತಿಯಲ್ಲಿ ಹಲವು ಸಂದೇಶ ಕಳುಹಿಸಬಹುದೇ ಎಂದು ಬೆಲ್ ಹುಡುಕುತ್ತಿದ್ದರು. ಅದಕ್ಕೆ ಹಣ ಕೊಟ್ಟವರು ಇಬ್ಬರು ಶಿಷ್ಯರ ತಂದೆಯರು. ಅವರಲ್ಲಿ ಒಬ್ಬರು ಮೇಬಲ್ ಅವರ ತಂದೆ. ಬೆಲ್ ಅವರ ಮನಸ್ಸು ಮಾತ್ರ ಸ್ವರ ಬಿಟ್ಟು ಮಾತಿನ ಕಡೆಗೆ ಎಳೆಯುತ್ತಿತ್ತು. ತಮಗೆ ವಿದ್ಯುತ್ತಿನ ವಿಷಯ ಸಾಕಷ್ಟು ಗೊತ್ತಿಲ್ಲ ಎಂದು ಅವರು ಹಿರಿಯ ವಿಜ್ಞಾನಿ ಜೋಸೆಫ್ ಹೆನ್ರಿ ಅವರಲ್ಲಿ ಹೇಳಿಕೊಂಡರು. ಗೊತ್ತಿಲ್ಲದಿದ್ದರೆ ಕಲಿತುಕೊಳ್ಳಬೇಕು, ಕೆಲಸ ಬಿಡಬಾರದು ಎಂಬ ಅರ್ಥದ ಬುದ್ಧಿಮಾತು ಸಿಕ್ಕಿತು. ಇಂಡಕ್ಟೆನ್ಸಿನ ಮಾನಕ್ಕೆ ಹೆನ್ರಿ ಎಂಬ ಹೆಸರು ಬಂದಿದ್ದು ಇವರಿಂದಲೇ.

1875ರ ಜೂನ್ 2ರಂದು ಸಹಾಯಕ ಥಾಮಸ್ ವಾಟ್ಸನ್ ಒಂದು ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ಉಕ್ಕಿನ ಪಟ್ಟಿಯನ್ನು ಬೆರಳಿನಿಂದ ಮೀಟಿದಾಗ ಇನ್ನೊಂದು ಕೋಣೆಯಲ್ಲಿದ್ದ ಬೆಲ್ ಅವರಿಗೆ ಅದೇ ನಾದ ತಂತಿಯಲ್ಲಿ ಕೇಳಿಸಿತು. ಬೇರೆಯವರಾಗಿದ್ದರೆ ಯಂತ್ರ ಕೆಟ್ಟಿದೆ ಎಂದು ಸರಿಮಾಡಿ ಮುಂದೆ ಹೋಗುತ್ತಿದ್ದರು. ವರ್ಷಗಟ್ಟಲೆ ದನಿಯನ್ನೇ ಆಲಿಸಿದ್ದ ಬೆಲ್ ಅವರಿಗೆ ಅದರ ಬೆಲೆ ತಕ್ಷಣ ತಿಳಿಯಿತು.

1876ರ ಫೆಬ್ರುವರಿ 14ರಂದು ಅವರ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಅದೇ ದಿನ ಎಲಿಷಾ ಗ್ರೇ ಎಂಬ ಇನ್ನೊಬ್ಬ ಸಂಶೋಧಕರ ಪ್ರಕಟಣೆಯೂ ಅದೇ ಕಚೇರಿಗೆ ಬಂತು. ಮಾರ್ಚ್ 7ರಂದು ಬೆಲ್ ಅವರಿಗೆ 1,74,465ನೆಯ ಪೇಟೆಂಟ್ ಸಿಕ್ಕಿತು. ಮೂರು ದಿನ ಕಳೆದು, ಮಾರ್ಚ್ 10ರಂದು, ಆಮ್ಲ ಬೆರೆಸಿದ ನೀರನ್ನು ಬಳಸಿದ ಯಂತ್ರದಲ್ಲಿ ಅವರು ವಾಟ್ಸನ್‌ರನ್ನು ತಮ್ಮ ಬಳಿಗೆ ಬರಹೇಳಿದರು. ಪಕ್ಕದ ಕೋಣೆಯಿಂದ ವಾಟ್ಸನ್ ಬಂದರು. ಜಗತ್ತಿನ ಮೊದಲ ಟೆಲಿಫೋನ್ ವಾಕ್ಯ ಹೀಗೆ ಒಂದು ಸಾಮಾನ್ಯ ಕರೆ. ನೀರಿನ ಆ ಉಪಾಯ ಗ್ರೇ ಅವರದ್ದೇ ಎಂಬ ವಾದ ಇವತ್ತಿಗೂ ಇದೆ. ಪೇಟೆಂಟ್ ಕುರಿತು ನೂರಾರು ಮೊಕದ್ದಮೆಗಳು ನಡೆದು, 1888ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೆಲ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿಯೂ ನ್ಯಾಯಾಧೀಶರು ನಾಲ್ಕು ಮೂರರಂತೆ ಒಡೆದಿದ್ದರು.

1876ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ದೊಡ್ಡ ಪ್ರದರ್ಶನದಲ್ಲಿ ಬ್ರೆಜಿಲಿನ ಚಕ್ರವರ್ತಿ ಎರಡನೆಯ ಪೆದ್ರೋ ಯಂತ್ರವನ್ನು ಕಿವಿಗೆ ಹಿಡಿದು ಬೆರಗಾದರು. ಅಲ್ಲಿಂದ ಟೆಲಿಫೋನ್ ಹಿಂತಿರುಗಿ ನೋಡಲಿಲ್ಲ. 1882ರ ಹೊತ್ತಿಗೆ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿಯೂ ಟೆಲಿಫೋನ್ ಎಕ್ಸ್‌ಚೇಂಜ್‌ಗಳು ತೆರೆದಿದ್ದವು.

ಮೇಣದ ಮೇಲೆ ಬರೆದ ದನಿ

ಬೆಲ್ ಅವರಿಗೆ ಆಗ ಮೂವತ್ತರ ಆಸುಪಾಸಿನ ವಯಸ್ಸು. ಕೈಯಲ್ಲಿ ಹಣ, ಹೆಸರು ಎರಡೂ ಇತ್ತು. ಕೂತು ತಿನ್ನಬಹುದಿತ್ತು. ಆದರೆ 1880ರಲ್ಲಿ ಫ್ರಾನ್ಸ್ ಸರ್ಕಾರ ಕೊಟ್ಟ ವೋಲ್ಟಾ ಬಹುಮಾನದ 50,000 ಫ್ರಾಂಕ್ ಹಣವನ್ನು ಅವರು ವಾಷಿಂಗ್ಟನ್ ನಗರದಲ್ಲಿ ಒಂದು ಪ್ರಯೋಗಾಲಯಕ್ಕೆ ಹಾಕಿದರು. ಅವರ ಸೋದರ ಸಂಬಂಧಿ ಚಿಚೆಸ್ಟರ್ ಬೆಲ್ ಮತ್ತು ಚಾರ್ಲ್ಸ್ ಟೇಂಟರ್ ಅಲ್ಲಿ ಜೊತೆಯಾದರು.

ಟೆಲಿಫೋನಿನ ಒಂದು ಕೊರತೆ ಅವರಿಗೆ ಕಾಣುತ್ತಿತ್ತು. ಆ ಕಡೆ ಮನುಷ್ಯ ಇಲ್ಲದಿದ್ದರೆ ಮಾತು ಗಾಳಿಪಾಲು. ಥಾಮಸ್ ಎಡಿಸನ್ 1877ರಲ್ಲಿಯೇ ತವರದ ಹಾಳೆಯ ಮೇಲೆ ದನಿ ಮೂಡಿಸುವ ಫೋನೋಗ್ರಾಫ್ ಮಾಡಿದ್ದರು. ಆದರೆ ನಾಲ್ಕಾರು ಸಲ ಕೇಳುವಷ್ಟರಲ್ಲಿ ಹಾಳೆ ಸವೆದುಹೋಗುತ್ತಿತ್ತು. ಬೆಲ್ ಅವರ ತಂಡ ತವರದ ಬದಲು ಮೇಣ ಬಳಸಿ, ಅದರಲ್ಲಿ ಗೀರು ಕೊರೆಯುವ ವಿಧಾನವನ್ನು ಕಂಡುಕೊಂಡು 1886ರಲ್ಲಿ ಪೇಟೆಂಟ್ ಪಡೆಯಿತು. ಅಯಸ್ಕಾಂತದಿಂದ ದನಿ ಹಿಡಿಯುವುದನ್ನೂ ಅವರು ಯೋಚಿಸಿದ್ದರು. ಅದನ್ನು ಮಾಡಿ ತೋರಿಸಿದವರು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್. ಟೆಲಿಫೋನಿಗೆ ಉತ್ತರಿಸುವವರು ಇಲ್ಲದಾಗ ಉಕ್ಕಿನ ತಂತಿಯ ಮೇಲೆ ಸಂದೇಶ ಉಳಿಯಲಿ ಎಂದು ಅವರು 1898ರಲ್ಲಿ ಟೆಲಿಗ್ರಾಫೋನ್ ರೂಪಿಸಿದರು. ಕಂಪ್ಯೂಟರ್ ಬಳಸಿ ನಡೆಯುವ ಕಚೇರಿ ವಾಯ್ಸ್‌ಮೇಲ್‌ಗೆ ಗಾರ್ಡನ್ ಮ್ಯಾಥ್ಯೂಸ್ ಎಂಬವರು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1983ರಲ್ಲಿ.

ಈಗ ಮಾಮು ಜೊತೆ ನಾನು ಕಂಡದ್ದನ್ನು ಹೇಳುತ್ತೇನೆ. ಟೆಲಿಫೋನಿನಲ್ಲಿ ಮಾತು ಅರ್ಥವಾಗಲು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಕಂಪನ ಸಾಕು. ಆದ್ದರಿಂದ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಾರೆ. ಅಂದರೆ ಸೆಕೆಂಡಿಗೆ 64,000 ಬಿಟ್. ಒಂದು ನಿಮಿಷದ ಮಾತಿಗೆ ಸುಮಾರು 480 ಕಿಲೋಬೈಟ್ ಜಾಗ. ನೂರು ಗಂಟೆಯ ಮಾತು ಮೂರು ಜಿಬಿ ಒಳಗೆ ಮುಗಿಯುತ್ತದೆ. ಮೇಣದ ತಟ್ಟೆಯ ಕೆಲಸವನ್ನು ಈಗ ರೂಟರಿನೊಳಗಿನ ಒಂದು ಸಣ್ಣ ಕಾರ್ಡು ಮಾಡುತ್ತದೆ.

ಹೊಂದಿಸುವ ಕ್ರಮ ಹೀಗಿತ್ತು. ಮೊದಲು ಯಾರಿಗೆ ಯಾವ ಎಕ್ಸ್‌ಟೆನ್ಶನ್ ನಂಬರ್ ಎಂದು ಕಾಗದದ ಮೇಲೆ ಪಟ್ಟಿ. ನಂತರ ಒಬ್ಬೊಬ್ಬರ ಹೆಸರಿಗೆ ಒಂದು ಅಂಚೆಪೆಟ್ಟಿಗೆ, ಅದಕ್ಕೆ ಗುಟ್ಟಿನ ಪಿನ್, ಅದರಲ್ಲಿ ಎಷ್ಟು ನಿಮಿಷದ ಮಾತು ಹಿಡಿಯಬೇಕು, ಎಷ್ಟು ದಿನ ಇಡಬೇಕು ಎಂಬ ಮಿತಿ. ಫೋನ್ 20 ಸೆಕೆಂಡ್ ಬಡಿದುಕೊಂಡರೂ ಎತ್ತದಿದ್ದರೆ, ಅಥವಾ ಲೈನ್ ಬಿಡುವಿಲ್ಲದಿದ್ದರೆ, ಕರೆ ವಾಯ್ಸ್‌ಮೇಲ್ ನಂಬರಿಗೆ ತಿರುಗಬೇಕು ಎಂಬ ಆದೇಶ. ಸಂದೇಶ ಬಂದರೆ ಮೇಜಿನ ಫೋನಿನಲ್ಲಿ ಕೆಂಪು ದೀಪ ಹತ್ತಬೇಕು, ಕೇಳಿದ ಮೇಲೆ ಆರಬೇಕು. ಹೊರಗಿನವರಿಗೆ ಸ್ವಾಗತದ ಮಾತು: ಕನ್ನಡಕ್ಕೆ ಒಂದನ್ನು ಒತ್ತಿ, ಮಾರಾಟ ವಿಭಾಗಕ್ಕೆ ಎರಡನ್ನು ಒತ್ತಿ ಎಂಬಂಥದ್ದು. ಇದಲ್ಲದೆ ಇಡೀ ವಿಭಾಗಕ್ಕೆ ಸೇರಿದ ಒಂದು ಸಾಮಾನ್ಯ ಪೆಟ್ಟಿಗೆ. ಕೊನೆಗೆ ಮಾಡಿದ್ದನ್ನೆಲ್ಲ ಸೇವ್ ಮಾಡಬೇಕು. ಇಲ್ಲವಾದರೆ ಕರೆಂಟ್ ಹೋಗಿ ಬಂದಾಗ ರೂಟರ್ ಎಲ್ಲವನ್ನೂ ಮರೆತು ಹಳೆಯ ಸ್ಥಿತಿಗೆ ಹೋಗುತ್ತದೆ. ಇನ್ನೊಂದು ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಇಡಬೇಕು.

ಇಷ್ಟು ಮಾಡಲು ಒಂದು ದಿನ ಸಾಕಾಯಿತು. ಕಷ್ಟ ಇರುವುದು ಆಮೇಲೆ, ದಿನದಿನದ ನಿರ್ವಹಣೆಯಲ್ಲಿ ಎಂದರು ಮಾಮು. ಪಿನ್ ಮರೆತವರಿಗೆ ಹೊಸದು ಕೊಡಬೇಕು. ತುಂಬಿದ ಪೆಟ್ಟಿಗೆಗಳನ್ನು ಗಮನಿಸಬೇಕು. ಕೆಲಸ ಬಿಟ್ಟು ಹೋದವರ ಪೆಟ್ಟಿಗೆಯನ್ನು ಅವರ ಜಾಗಕ್ಕೆ ಬಂದವರಿಗೆ ಒಪ್ಪಿಸಬೇಕು. ಬೇರೆಯವರ ಸಂದೇಶವನ್ನು ನಿರ್ವಾಹಕ ತಾನು ಕೇಳಬಾರದು, ಎಷ್ಟಿವೆ ಎಂದು ಎಣಿಸಬಹುದು ಅಷ್ಟೇ.

ಆ ಕಚೇರಿಯ ಹಳೆಯ ವ್ಯವಸ್ಥೆಯನ್ನು ತೆಗೆಯುವ ಮುಂಚೆ ಮಾಮು ಎಣಿಸಿದರು. ಆರು ತಿಂಗಳ ಹಿಂದೆ ಕೆಲಸ ಬಿಟ್ಟಿದ್ದ ಒಬ್ಬರ ಪೆಟ್ಟಿಗೆಯಲ್ಲಿ ಯಾರೂ ಕೇಳದ 41 ಸಂದೇಶಗಳಿದ್ದವು. ಆಮೇಲೆ ಪೆಟ್ಟಿಗೆ ತುಂಬಿ, ಹೊಸದು ಬರುವುದೇ ನಿಂತಿತ್ತು. ಮೇಲಧಿಕಾರಿ ಬಾಗಿಲು ಹಾಕಿಕೊಂಡು ಅವನ್ನು ಕೇಳಿದರು. ಹೊರಗೆ ಬಂದಾಗ ಅವರ ಮುಖ ಸಪ್ಪಗಿತ್ತು. ಬರಬೇಕಾದ ಹಣಕ್ಕಾಗಿ ಹಳ್ಳಿಯ ಒಬ್ಬರೇ ಆರು ಸಲ ಫೋನ್ ಮಾಡಿದ್ದರಂತೆ. ಮೊದಲ ಸಲ ವಿನಯದಿಂದ ಕೇಳಿದ್ದವರು ಆರನೆಯ ಸಲ ಹೆಸರು ಮಾತ್ರ ಹೇಳಿ ಇಟ್ಟುಬಿಟ್ಟಿದ್ದರಂತೆ. ಯಂತ್ರ ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡಿತ್ತು. ಆರು ತಿಂಗಳೂ ಕೆಂಪು ದೀಪ ಖಾಲಿ ಕುರ್ಚಿಯ ಮುಂದೆ ಉರಿಯುತ್ತಿತ್ತು.

ಕೇಳದೆ ಉಳಿದ ದನಿಗಳು

ಇದೇ ಮಾತು ಬೆಲ್ ಅವರ ಜೀವನಕ್ಕೂ ಸಲ್ಲುತ್ತದೆ. ಅವರು ಕಿವುಡರಿಗಾಗಿ ತುಂಬ ದುಡಿದರು. ಕಣ್ಣು ಕಿವಿ ಎರಡೂ ಇಲ್ಲದ ಹೆಲೆನ್ ಕೆಲ್ಲರ್ ಎಂಬ ಪುಟ್ಟ ಹುಡುಗಿಯನ್ನು ತಂದೆ ಕರೆದುಕೊಂಡು ಬಂದಾಗ, ಎಲ್ಲಿ ಕೇಳಿದರೆ ಗುರು ಸಿಗುತ್ತಾರೆ ಎಂದು ದಾರಿ ತೋರಿದವರು ಬೆಲ್. ಹಾಗೆ 1887ರಲ್ಲಿ ಆನ್ ಸಲಿವನ್ ಆ ಮಗುವಿನ ಗುರುವಾಗಿ ಬಂದರು. ಹೆಲೆನ್ ಮುಂದೆ ತಮ್ಮ ಆತ್ಮಕಥೆಯನ್ನು ಬೆಲ್ ಅವರಿಗೇ ಅರ್ಪಿಸಿದರು. ತಮ್ಮನ್ನು ಕಿವುಡರ ಶಿಕ್ಷಕ ಎಂದು ಕರೆದುಕೊಳ್ಳುವುದೇ ಬೆಲ್ ಅವರಿಗೆ ಹೆಚ್ಚು ಇಷ್ಟವಾಗಿತ್ತು.

ಆದರೆ ಅವರಿಂದ ಒಂದು ದೊಡ್ಡ ತಪ್ಪೂ ಆಯಿತು. ಕಿವುಡ ಮಕ್ಕಳು ತುಟಿ ನೋಡಿ ಮಾತು ಕಲಿಯಬೇಕು, ಸನ್ನೆ ಭಾಷೆ ಬಿಡಬೇಕು ಎಂಬುದು ಅವರ ಹಟ. ಕಿವುಡರು ಕಿವುಡರನ್ನು ಮದುವೆಯಾಗುವುದು ಒಳ್ಳೆಯದಲ್ಲ ಎಂದೂ 1883ರಲ್ಲಿ ಒಂದು ಪ್ರಬಂಧದಲ್ಲಿ ವಾದಿಸಿದರು. ಅದಕ್ಕೂ ಮೊದಲು, 1880ರಲ್ಲಿ, ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಇದೇ ರೀತಿ ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ ಎಂದು ತೀರ್ಮಾನಿಸಿತ್ತು. ಅಲ್ಲಿ ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಅನೇಕ ಶಾಲೆಗಳಲ್ಲಿ ಕೈಯಾಡಿಸಿ ಮಾತಾಡಿದ ಮಕ್ಕಳು ಶಿಕ್ಷೆ ಅನುಭವಿಸಿದರು. ಆ ತೀರ್ಮಾನಗಳನ್ನು ಅದೇ ಸಮ್ಮೇಳನದ ಮುಂದಿನ ಪೀಳಿಗೆ ತಿರಸ್ಕರಿಸಿ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಮ್ಮ ದೇಶದಲ್ಲಿ ಭಾರತೀಯ ಸನ್ನೆ ಭಾಷೆಗೆಂದೇ ದೆಹಲಿಯಲ್ಲಿ ಒಂದು ಸಂಶೋಧನಾ ಮತ್ತು ತರಬೇತಿ ಕೇಂದ್ರ ಆರಂಭವಾದದ್ದು 2015ರಲ್ಲಿ.

ತಾಯಿಗೆ ಬೆರಳುಗಳಲ್ಲಿ ಮಾತು ತಲುಪಿಸಿದ ಹುಡುಗನೇ ದೊಡ್ಡವನಾಗಿ ಕೈಗಳ ಮಾತನ್ನು ಬೇಡವೆಂದ. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂದು ನಾನು ನಂಬುತ್ತೇನೆ. ಯಾರಿಗಾಗಿ ದುಡಿಯುತ್ತಿದ್ದರೋ ಅವರನ್ನೇ ಕೇಳುವುದನ್ನು ಅವರು ಮರೆತರು. ಒಳ್ಳೆಯ ಮನಸ್ಸಿನವರಿಗೂ ಈ ತಪ್ಪು ಆಗುತ್ತದೆ ಎಂಬುದು ನನಗೆ ಅವರ ಜೀವನದಲ್ಲಿ ಸಿಕ್ಕ ಮುಖ್ಯ ಪಾಠ.

ಕೊನೆಯ ವರ್ಷಗಳು

ಬೆಲ್ ಸುಮ್ಮನೆ ಕೂತವರಲ್ಲ. ಬೆಳಕಿನ ಕಿರಣದ ಮೇಲೆ ಮಾತು ಕಳುಹಿಸುವ ಫೋಟೋಫೋನನ್ನು 1880ರಲ್ಲಿಯೇ ಮಾಡಿದ್ದರು. ಇಂದಿನ ಆಪ್ಟಿಕಲ್ ಫೈಬರ್ ಅದೇ ವಿಚಾರದ ಮುಂದುವರಿಕೆ. ಹುಟ್ಟಿದ ಕೂಡಲೇ ಉಸಿರಾಡಲಾಗದೆ ಒಬ್ಬ ಮಗ ತೀರಿಕೊಂಡ ಮೇಲೆ, ಉಸಿರಾಟಕ್ಕೆ ನೆರವಾಗುವ ಒಂದು ಕವಚದ ಯಂತ್ರವನ್ನು ರೂಪಿಸಿದರು. ಕೆನಡಾದ ಬ್ಯಾಡೆಕ್ ಎಂಬಲ್ಲಿ ಮನೆ ಕಟ್ಟಿಕೊಂಡು ಗಾಳಿಪಟ, ವಿಮಾನ, ನೀರಿನ ಮೇಲೆ ಎದ್ದು ಓಡುವ ದೋಣಿಗಳ ಪ್ರಯೋಗ ಮಾಡಿದರು. ಅವರ ತಂಡದ ವಿಮಾನ 1909ರ ಫೆಬ್ರುವರಿಯಲ್ಲಿ ಅಲ್ಲಿಯೇ ಹಾರಿತು. ತಾವು ಓದುವ ಕೋಣೆಯಲ್ಲಿ ಮಾತ್ರ ಅವರು ಟೆಲಿಫೋನ್ ಇಟ್ಟುಕೊಂಡಿರಲಿಲ್ಲ. ಮೊಬೈಲ್ ಪಕ್ಕದಲ್ಲಿಟ್ಟು ಓದುವ ನಮಗೆ ಇದೂ ಒಂದು ಪಾಠ!

1922ರ ಆಗಸ್ಟ್ 2ರಂದು, ಮಧುಮೇಹದ ತೊಂದರೆಗಳಿಂದ, 75ನೆಯ ವಯಸ್ಸಿನಲ್ಲಿ ಅವರು ಬ್ಯಾಡೆಕ್‌ನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನುಗಳು ಒಂದು ನಿಮಿಷ ಮೌನವಾದವು.

ಅವರ ಪ್ರಯೋಗಾಲಯದ ಸುಮಾರು 200 ಮೇಣದ ಮತ್ತು ಇತರ ತಟ್ಟೆಗಳು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಉಳಿದವು. ಅವನ್ನು ನುಡಿಸುವ ಯಂತ್ರವೇ ಇರಲಿಲ್ಲ, ಮುಟ್ಟಿದರೆ ಒಡೆಯುವ ಭಯ. 2011ರಿಂದ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ತಟ್ಟೆಯ ಗೀರುಗಳ ಸೂಕ್ಷ್ಮ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅದನ್ನು ದನಿಯಾಗಿ ಬದಲಿಸಿದರು. 1885ರ ಏಪ್ರಿಲ್ 15ರ ಒಂದು ತಟ್ಟೆಯಲ್ಲಿ ಒಬ್ಬರು ಅಂಕಿಗಳನ್ನು, ಹಣದ ಮೊತ್ತಗಳನ್ನು ಓದಿ, ಕೊನೆಗೆ ತಮ್ಮ ಹೆಸರು ಹೇಳಿ, ತಮ್ಮ ದನಿಯನ್ನು ಕೇಳಿರಿ ಎಂಬಂತೆ ಮುಗಿಸುತ್ತಾರೆ. ಆ ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಜಗತ್ತು ಅದನ್ನು ಕೇಳಿದ್ದು 2013ರಲ್ಲಿ. ವಾಯ್ಸ್‌ಮೇಲ್‌ನ ಮೂಲಪುರುಷರ ಸಂದೇಶವೇ 128 ವರ್ಷ ಪೆಟ್ಟಿಗೆಯಲ್ಲಿ ಕಾದಿತ್ತು.

ಅಬ್ಬಾ ಅವರ ನೋಟ್‌ಬುಕ್

ಬೆಂಗಳೂರಿನಿಂದ ಬಂದು ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಆ 41 ಸಂದೇಶಗಳ ವಿಷಯ ಬಂದಾಗ ಅಬ್ಬಾ ಎದ್ದು ಹೋಗಿ ಬೀರುವಿನಿಂದ ಒಂದು ಹಳೆಯ ಉದ್ದನೆಯ ನೋಟ್‌ಬುಕ್ ತಂದರು.

1986ರಲ್ಲಿ ನಮ್ಮ ಕರ್ನಾಟಕದ ಕಿತ್ತೂರಿನಲ್ಲಿಯೇ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾಯಿತು. ಹವಾನಿಯಂತ್ರಣ ಬೇಡದ, ಹಳ್ಳಿಯ ಬಿಸಿಲು ದೂಳು ತಡೆಯುವ 128 ಲೈನುಗಳ ಸಣ್ಣ ಎಕ್ಸ್‌ಚೇಂಜ್ ಅದು. ಅಂಥವು ಬಂದ ಮೇಲೆ ಊರೂರಿಗೆ ಎಸ್‌ಟಿಡಿ ಬೂತ್‌ಗಳಾದವು. 1990ರ ದಶಕದಲ್ಲಿ ರಾಮನಾಥಪುರದ ಬಸ್ ನಿಲ್ದಾಣದ ಹತ್ತಿರ ಅಬ್ಬಾ ಅವರದ್ದೂ ಒಂದು ಹಳದಿ ಬೋರ್ಡಿನ ಬೂತ್ ಇತ್ತು. ಮನೆಯಲ್ಲಿ ಫೋನ್ ಇಲ್ಲದವರಿಗೆ ಅಬ್ಬಾ ಅವರ ನಂಬರೇ ನಂಬರ್. ಬೆಂಗಳೂರು, ಕೊಡಗಿನ ತೋಟ, ಸೌದಿ ಎಲ್ಲ ಕಡೆಯಿಂದ ಫೋನ್ ಬರುತ್ತಿತ್ತು. ಅಬ್ಬಾ ಯಾರಿಗೆ, ಯಾರಿಂದ, ಎಷ್ಟು ಗಂಟೆಗೆ, ಏನು ವಿಷಯ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬೂತಿನ ಹುಡುಗನ ಕೈಯಲ್ಲಿ ಹೇಳಿ ಕಳುಹಿಸುತ್ತಿದ್ದರು.

ಒಂದು ವರ್ಷ ತಂಬಾಕು ಹರಾಜಿನ ದಿನಗಳಲ್ಲಿ ಬೂತಿನ ಮುಂದೆ ರೈತರ ಸಾಲು. ಹುಡುಗ ಆ ದಿನ ಬಂದಿರಲಿಲ್ಲ. ಸಂಜೆ ಬೆಂಗಳೂರಿನ ಆಸ್ಪತ್ರೆಯೊಂದರಿಂದ ನಮ್ಮ ಬೀದಿಯ ಒಬ್ಬ ಅಜ್ಜಿಗೆ ಫೋನ್ ಬಂತು. ಅಣ್ಣನ ಸ್ಥಿತಿ ಚೆನ್ನಾಗಿಲ್ಲ, ರಾತ್ರಿ ಬಸ್ಸಿಗೇ ಹೊರಡಬೇಕು ಎಂದು. ಅಬ್ಬಾ ಬರೆದುಕೊಂಡರು. ಗಲಾಟೆಯಲ್ಲಿ ಮರೆತರು. ಬೆಳಿಗ್ಗೆ ನೋಟ್‌ಬುಕ್ ತೆರೆದಾಗ ನೆನಪಾಗಿ ಓಡಿದರು. ಅಜ್ಜಿ ಬೆಂಗಳೂರು ಮುಟ್ಟುವಷ್ಟರಲ್ಲಿ ಅಣ್ಣನನ್ನು ಮಣ್ಣು ಮಾಡಿಯಾಗಿತ್ತು. ಅವರು ಅಬ್ಬಾ ಅವರನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಅಬ್ಬಾ.

ಆ ಪುಟವನ್ನು ಅವರು ನನಗೆ ತೋರಿಸಿದರು. ಅದಕ್ಕಿಂತ ಹಿಂದಿನ ಪುಟಗಳಲ್ಲಿ ಬರೀ ಬರಹ ಇದೆ. ಅದರ ಮುಂದಿನ ಪುಟಗಳಲ್ಲಿ ಪ್ರತಿ ಸಾಲಿನ ಕೊನೆಗೆ ಕೆಂಪು ಶಾಯಿಯ ಒಂದು ಗೀಟು ಇದೆ. ಸಂದೇಶ ಸಂಬಂಧಪಟ್ಟವರ ಕಿವಿಗೆ ಮುಟ್ಟಿದ ಮೇಲೆ ಮಾತ್ರ ಹಾಕುತ್ತಿದ್ದ ಗೀಟು. ಗೀಟು ಬೀಳದ ಸಾಲು ಒಂದೇ ಒಂದು ಇದ್ದರೂ ಅಬ್ಬಾ ಬೂತಿನ ಬಾಗಿಲು ಹಾಕುತ್ತಿರಲಿಲ್ಲವಂತೆ. ಬೂತ್ ಮುಚ್ಚಿ ಎಷ್ಟೋ ವರ್ಷವಾಗಿದೆ. ನೋಟ್‌ಬುಕ್ಕನ್ನು ಮಾತ್ರ ರದ್ದಿಗೆ ಹಾಕಿಲ್ಲ.

ಸ್ನೇಹಿತರೇ, ಬೆಲ್ ಅವರಿಂದ ರೂಟರಿನವರೆಗೆ ದನಿಯನ್ನು ಹಿಡಿದಿಡುವ ಕೆಲಸ ತುಂಬ ಮುಂದೆ ಬಂದಿದೆ. ಅದನ್ನು ಕೇಳಿ, ಕೇಳಿದೆ ಎಂದು ಗೀಟು ಹಾಕುವ ಕೆಲಸ ಇನ್ನೂ ಮನುಷ್ಯರದ್ದೇ. ನಮ್ಮ ಕಾಲೇಜಿನ ಕಚೇರಿಗೆ ಸಂಜೆ ನಾಲ್ಕೂವರೆಯ ಮೇಲೆ ಹಳ್ಳಿಗಳಿಂದ ಪೋಷಕರು ಫೋನ್ ಮಾಡಿದರೆ ಎತ್ತುವವರು ಇರುವುದಿಲ್ಲ. ಹಗಲೆಲ್ಲ ಹೊಲದಲ್ಲಿರುವವರಿಗೆ ಬಿಡುವಾಗುವುದೇ ಆಗ. ಮಾನ್ಯ ಪ್ರಾಂಶುಪಾಲರಲ್ಲಿ ನನ್ನದೊಂದು ವಿನಂತಿ: ಆ ಫೋನಿಗೆ ಒಂದು ವಾಯ್ಸ್‌ಮೇಲ್ ಇಡಿಸಿ. ಬೆಳಿಗ್ಗೆ ಮೊದಲ ಗಂಟೆ ಬಾರಿಸುವ ಮುಂಚೆ ಕಚೇರಿಯವರು ಸಂದೇಶ ಕೇಳಿ ಬರೆದುಕೊಟ್ಟರೆ, ಅದನ್ನು ಸಂಬಂಧಪಟ್ಟವರಿಗೆ ಮುಟ್ಟಿಸುವ ಜವಾಬ್ದಾರಿಯನ್ನು ನಾವು ವಿದ್ಯಾರ್ಥಿಗಳು ಸರದಿಯಂತೆ ತೆಗೆದುಕೊಳ್ಳುತ್ತೇವೆ. ಬರೆದಿಡಲು ಒಂದು ಉದ್ದನೆಯ ನೋಟ್‌ಬುಕ್ಕನ್ನೂ ಕೆಂಪು ಶಾಯಿಯ ಪೆನ್ನನ್ನೂ ನಮ್ಮ ಅಬ್ಬಾ ಕೊಡುತ್ತೇನೆ ಎಂದಿದ್ದಾರೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ಒಬ್ಬ ವಿದ್ಯಾರ್ಥಿ, ರಾಮನಾಥಪುರ